ಅಚ್ಚಿನಲ್ಲಿ ಇಲ್ಲದವರು

"ಆ ಹಪ್ಪಳಗಳನ್ನು ಸ್ವಲ್ಪ ಆಚೆ ಇಡ್ತೀರಾ ಅಮ್ಮ?" ಎಂದು ವಾಮನರಾಯರು ಕೇಳಿದಾಗ ನಮ್ಮ ಅತ್ತಿಗೆ ಇನ್ನಾಸಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಚಿತ್ರ ಕೊರೆಯಲು ದೂರದಿಂದ ಬಂದ ದೊಡ್ಡ ಮನುಷ್ಯರು, ಅವರ ಕೆಲಸಕ್ಕೆ ಅಡ್ಡಿಯಾಗಬಾರದು ಎಂದುಕೊಂಡು ಚಾಪೆ ಸಮೇತ ಹಪ್ಪಳವನ್ನು ಹಿಂದುಗಡೆಗೆ ಎಳೆದಳು. ಮಾರನೆಯ ದಿನ ರಾಯರು ಬಟ್ಟೆ ಒಣಗುವ ಹಗ್ಗ ಬಿಚ್ಚಿಸಿದರು. ಅದರ ಮಾರನೆಯ ದಿನ ನೀರಿನ ಡ್ರಮ್ಮು ಸರಿಸಿದರು. ಆಮೇಲೆ ಕೋಳಿಗಳು. ಆಮೇಲೆ, "ನೀವೂ ಸ್ವಲ್ಪ ಒಳಗೆ ಇದ್ದರೆ ಚೆನ್ನಾಗಿತ್ತು" ಎಂದರು. ಇಷ್ಟೆಲ್ಲ ಆದರೂ ಮಧ್ಯಾಹ್ನವಾದರೆ ಅತ್ತಿಗೆ ಅವರಿಗೆ ಎಲೆ ಹಾಕಿ ಅನ್ನ ಸಾರು ಬಡಿಸುತ್ತಿದ್ದಳು. ಅವರು ಎರಡನೇ ಸಲ ಸಾರು ಹಾಕಿಸಿಕೊಂಡು, "ಇಂಥ ರುಚಿ ನಮ್ಮ ಕಡೆ ಇಲ್ಲ" ಎನ್ನುತ್ತಿದ್ದರು.

ನಾವಿದ್ದದ್ದು ಹಳೇ ಇಗರ್ಜಿಯ, ಅಂದರೆ ಚರ್ಚಿನ, ಒಳಗೆ. ಯಾವ ಕಾಲದ ಪರದೇಶದವರೋ ಬಂದು ಕಟ್ಟಿಸಿದ ಕಟ್ಟಡ. ಗಾಥಿಕ್ ಎನ್ನುತ್ತಾರಂತೆ ಆ ಶೈಲಿಗೆ. ಕೈ ಜೋಡಿಸಿದಂತೆ ಮೇಲಕ್ಕೆ ಹೋಗಿ ಚೂಪಾಗಿ ಕೂಡುವ ಕಮಾನುಗಳು, ತಲೆಯೆತ್ತಿದರೆ ತಲೆ ಸುತ್ತುವಂಥ ಗೋಪುರ, ಮಳೆನೀರು ಉಗುಳಲು ಬಾಯಿ ತೆರೆದ ಕಲ್ಲಿನ ಮೃಗಗಳು. ನಮ್ಮ ಮುತ್ತಜ್ಜಿಯ ಕಾಲಕ್ಕೇ ಮಾಡು ಕುಸಿದಿತ್ತು. ಗೋಪುರದ ಬಿರುಕಿನಲ್ಲಿ ಒಂದು ಅತ್ತಿ ಮರ ಬೆಳೆದು ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ತಳ್ಳುತ್ತಿತ್ತು. ಬಿದ್ದ ಕಲ್ಲುಗಳನ್ನೇ ಎತ್ತಿಟ್ಟುಕೊಂಡು, ಕಂಬ ಕಂಬದ ನಡುವೆ ಗೋಡೆ ಎಬ್ಬಿಸಿ, ತಗಡು ಹೊದಿಸಿ ಏಳು ಮನೆಗಳಾಗಿದ್ದವು. ಏಳೂ ಮನೆಯವರದ್ದು ಹಪ್ಪಳದ ಕೆಲಸ. ನಮ್ಮಣ್ಣ ಅಂತೋಣಿ ಅದನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಊರೆಲ್ಲ ಮಾರುತ್ತಿದ್ದ. ನನ್ನನ್ನು ಬೇರೆ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಮ್ಮ ತೀರಿಕೊಂಡಿದ್ದರಿಂದ ಚೊಚ್ಚಲ ಹೆರಿಗೆಗೆ ಅತ್ತಿಗೆಯೇ ಬಂದು ಕರೆದುಕೊಂಡು ಬಂದಿದ್ದಳು.

ಈ ಇಗರ್ಜಿಗೂ ನಮ್ಮ ಊರಿನ ಕಣ್ಣಿಗೂ ಒಂದು ಕಟ್ಟು ಇತ್ತು. ಊರಿನವರಿಗೂ ಹೊರಗಿನಿಂದ ಬಂದವರಿಗೂ ಅದು ಕಾಣುತ್ತಿದ್ದದ್ದು ಕೊನೆಯ ಅಚ್ಚಿನಲ್ಲಿ ಇದ್ದ ಹಾಗೆ. ಪುರಸಭೆಯ ಹಜಾರದಲ್ಲಿ ಹಳೆಯ ಅಚ್ಚುಗಳನ್ನು ಸಾಲಾಗಿ ತೂಗುಹಾಕಿದ್ದರು. ತಾಮ್ರದ ತಗಡಿನ ಮೇಲೆ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳು. ಮೊದಲನೆಯದರಲ್ಲಿ ಮಾಡು ಇತ್ತು, ಬಣ್ಣದ ಗಾಜಿನ ದೊಡ್ಡ ದುಂಡು ಕಿಟಕಿ ಇತ್ತು. ಎರಡನೆಯದರಲ್ಲಿ ಮಾಡು ಹೋಗಿ ಕಿಟಕಿಯ ಗಾಜು ಉದುರಿತ್ತು. ಮೂರನೆಯದನ್ನು ಕೊರೆದವನು ಯಾರೋ ಪುಣ್ಯಾತ್ಮ. ಬಿರುಕಿನ ಜೊತೆಗೆ ನಮ್ಮ ಮುತ್ತಜ್ಜಿಯ ಬಾಗಿಲು, ಒಲೆಯ ಹೊಗೆ, ಬಾವಿಕಟ್ಟೆ, ಮಲಗಿದ್ದ ನಾಯಿ ಎಲ್ಲವನ್ನೂ ಕೊರೆದಿದ್ದ. ಆ ಅಚ್ಚು ಬಂದ ಮೇಲೆ ಗೋಪುರದ ತುದಿಯ ಶಿಲುಬೆ ಬಿದ್ದು ಎಷ್ಟೋ ವರ್ಷವಾಗಿತ್ತು. ಆದರೂ ಊರವರಿಗೆ ಅದು ಕಾಣುತ್ತಲೇ ಇತ್ತು, ಹಾದುಹೋಗುವಾಗ ಕೈ ಮುಗಿಯುತ್ತಿದ್ದರು. ಒಳಗೆ ವಾಸವಿದ್ದ ನಮಗೆ ಮಾತ್ರ ಇದ್ದದ್ದು ಇದ್ದ ಹಾಗೆ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಹೀಗೇ ಇದ್ದುದರಿಂದ ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ.

ಕೆಲಸ ಮುಗಿಸಿ ರಾಯರು ಪೆಟ್ಟಿಗೆ ಕಟ್ಟಿದ ದಿನ ಅತ್ತಿಗೆ ಕೇಳಿದಳು. "ನಮ್ಮನ್ನೂ ಹಾಕಿದೀರಲ್ಲ ಸ್ವಾಮಿ?"

"ಎಲ್ಲ ಚೆನ್ನಾಗಿ ಬಂದಿದೆ ಅಮ್ಮ" ಎಂದರು ರಾಯರು.

ಅಚ್ಚು ಬಿಡುಗಡೆಯಾದ ಮಾರನೆಯ ಬೆಳಿಗ್ಗೆ ಹಾಲಿನವನು ಬಂದು ಬಾಗಿಲ ಕಮಾನಿನ ಕೆಳಗೆ ನಿಂತ. ಅತ್ತಿಗೆ ಪಾತ್ರೆ ಒಡ್ಡಿದಳು. ಅವನು ಅವಳ ತಲೆಯ ಮೇಲಿಂದ ಆಚೆ ನೋಡಿದ, ಎಡಕ್ಕೆ ನೋಡಿದ, ತಲೆ ಕೆರೆದುಕೊಂಡ, ದಾರಿ ತಪ್ಪಿದವನ ಹಾಗೆ ವಾಪಸು ಹೋದ. ಆಮೇಲೆ ಅಂಚೆಯ ಮುದ್ದಣ್ಣ ಬಂದ. ನನ್ನ ಗಂಡನ ಕಾಗದ ಅವನ ಕೈಯಲ್ಲೇ ಇತ್ತು, ದೂರದಿಂದಲೇ ಗುರುತು ಹಿಡಿದೆ. ಕೂಗಿದೆ. ನನ್ನ ಕೂಗು ಅವನ ಕಿವಿಗೆ ಬೀಳಲೇ ಇಲ್ಲ. ಕಾಗದದ ಮೇಲೆ ಏನೋ ಗೀಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಅಂತೋಣಣ್ಣ ಓಡಿ ಹೋಗಿ ರಸ್ತೆಯಲ್ಲಿ ಅವನನ್ನು ಹಿಡಿದ. ರಸ್ತೆಯಲ್ಲಿ ಅಣ್ಣ ಅವನಿಗೆ ಚೆನ್ನಾಗಿಯೇ ಕಂಡ.

"ಏನ್ ಅಂತೋಣಪ್ಪ, ಮನೆ ಬಿಟ್ಬಿಟ್ರಾ? ಒಂದ್ ಮಾತು ಹೇಳೋದಲ್ವಾ?"

"ಎಲ್ ಬಿಟ್ವಿ ಮಾರಾಯ? ಅಲ್ಲೇ ಇದೀವಲ್ಲ!"

"ಅಲ್ಲೇನಿದೆ, ಹುಲ್ಲು ಬೆಳ್ಕೊಂಡಿದೆ. ಆಡು ಕಾಯೋ ಮುದುಕ ಒಬ್ಬ ಕೂತಿದ್ದ, ಅಷ್ಟೇ" ಎಂದ ಮುದ್ದಣ್ಣ.

ಅಣ್ಣ ನೇರವಾಗಿ ಪುರಸಭೆಗೆ ಹೋಗಿ ಹೊಸ ಅಚ್ಚನ್ನು ನೋಡಿಕೊಂಡು ಬಂದ. ಬಂದವನ ಮುಖ ಸುಣ್ಣದ ಹಾಗಾಗಿತ್ತು. ಬಿರುಕು, ಅತ್ತಿ ಮರ, ಕಲ್ಲಿನ ಮೃಗದ ಮುರಿದ ಮೂತಿ, ಕಮಾನಿನ ಸಂದಿನ ಪಾಚಿ, ಎಲ್ಲವೂ ಕೂದಲೆಳೆಯಷ್ಟು ಸರಿಯಾಗಿ ಬಂದಿತ್ತಂತೆ. ಏಳು ಬಾಗಿಲುಗಳಿದ್ದ ಕಡೆ ಬಳ್ಳಿ ಹಬ್ಬಿಸಿದ್ದರಂತೆ. ಬಾವಿಯನ್ನು ಹುಲ್ಲಿನಿಂದ ಮುಚ್ಚಿದ್ದರಂತೆ. ಮುಂದುಗಡೆ ಒಬ್ಬ ಮುದುಕ, ನಾಲ್ಕಾರು ಆಡು, ಕೊಡೆ ಹಿಡಿದ ಇಬ್ಬರು ಪರದೇಶದ ಹೆಂಗಸರು. ನಮ್ಮ ಅಂಗಳದಲ್ಲಿ ಅಂಥ ಮುದುಕ ಎಂದೂ ಕೂತವನಲ್ಲ. ಆಡು ನಾವು ಯಾರೂ ಸಾಕಿರಲಿಲ್ಲ.

ಬದುಕಬೇಕಲ್ಲ, ಹೊಂದಿಕೊಂಡೆವು. ಹಾಲಿಗೆ ರಸ್ತೆಗೆ ಹೋಗಿ ನಿಂತೆವು. ಕಾಗದ ಬಂದರೆ ಅಂಚೆಯವನು ತಿರುವಿನಲ್ಲಿ ಬರುವಾಗಲೇ ಹೋಗಿ ಇಸಿದುಕೊಂಡೆವು. ನೆಂಟರು ಬಂದರೆ ಕಮಾನಿನ ಆಚೆಯೇ ಮಾತಾಡಿಸಿ ಕಳಿಸಿದೆವು. ನನ್ನ ಗಂಡ ನನ್ನನ್ನು ನೋಡಲು ಬಂದು ಹೊಸಲಿನಲ್ಲಿ ನಿಂತು ನನ್ನ ಹೆಸರು ಕೂಗಿದ, ನಾನು ಎದುರಿಗೇ ನಿಂತಿದ್ದೆ. ಹೊಟ್ಟೆ ಹೊತ್ತುಕೊಂಡು ರಸ್ತೆಗೆ ನಡೆದು ಹೋಗಿ ಅವನ ಕಣ್ಣಿಗೆ ಬಿದ್ದೆ. ಇವೆಲ್ಲ ಸಹಿಸಬಹುದಿತ್ತು. ಅತ್ತಿಗೆಗೆ ಸಹಿಸಲಾಗದೆ ಹೋದದ್ದು ಆ ಮುದುಕನ ವಿಷಯ. ಊರವರಿಗೆ ಅವನ ಮೇಲೆ ಎಲ್ಲಿಲ್ಲದ ಕನಿಕರ ಹುಟ್ಟಿತ್ತು. ಪಾಪ, ಬಿಸಿಲಲ್ಲಿ ಕೂತಿರುತ್ತಾನೆ ಎಂದು ಬಾಳೆಹಣ್ಣು ತಂದಿಟ್ಟು ಹೋಗುತ್ತಿದ್ದರು. ಚಳಿಗಾಲ ಬಂತು ಎಂದು ಚಂದಾ ಎತ್ತಿ ಒಳ್ಳೆಯ ಉಣ್ಣೆ ಕಂಬಳಿ ತಂದು ಹಾಸುಗಲ್ಲಿನ ಮೇಲೆ ಇಟ್ಟರು. ಪಕ್ಕದ ಮನೆಯ ಅಜ್ಜಿ ಗೋಣಿಚೀಲ ಹೊದ್ದು ಅಲ್ಲೇ, ಅವರ ಕಾಲ ಬುಡದಲ್ಲೇ ಕೆಮ್ಮುತ್ತ ಕೂತಿದ್ದಳು.

"ಇಲ್ಲದವನಿಗೆ ಕಂಬಳಿ ಹೊದಿಸ್ತಾರೆ, ಇರೋರನ್ನ ತುಳ್ಕೊಂಡು ಹೋಗ್ತಾರೆ" ಎಂದು ಅತ್ತಿಗೆ ಆ ಕಂಬಳಿಯನ್ನು ಎತ್ತಿ ಅಜ್ಜಿಗೆ ಹೊದಿಸಿದಳು. ಅಂದೇ ಸೆರಗು ಬಿಗಿದುಕೊಂಡು ಪುರಸಭೆಯ ಅಧ್ಯಕ್ಷ ಭುಜಂಗಯ್ಯನವರ ಕಚೇರಿಗೆ ಹೋದಳು. ಜೊತೆಗೆ ನಾನೂ ಹೋದೆ. ಕಚೇರಿಯಲ್ಲಿ ನಾವು ಎಲ್ಲರ ಹಾಗೆ ಕಾಣುತ್ತಿದ್ದೆವು. ಭುಜಂಗಯ್ಯನವರು ನಗುನಗುತ್ತಲೇ ಮಾತಾಡಿಸಿದರು.

"ನೋಡು ಇನ್ನಾಸಮ್ಮ, ನಿನ್ನ ಗಂಡ ಬಂದು ಹೇಳ್ದ ಅಂತ ನಾನೇ ಖುದ್ದಾಗಿ ಹೋಗಿ ನೋಡ್ದೆ. ಅಲ್ಲಿ ಒಂದು ನರಪಿಳ್ಳೆ ಇಲ್ಲ."

"ನಾನು ನಿಮ್ಮೆದುರಿಗೇ ನಿಂತಿದ್ದೆ ಸ್ವಾಮಿ. ನಿಮ್ಮ ಶಲ್ಯದ ತುದಿ ಹಿಡ್ದು ಎಳೆದೆ."

"ಗಾಳಿ ಇತ್ತು ಅವತ್ತು."

"ಗಾಳಿ ಅಲ್ಲ, ನಾನು!"

"ಇರ್ಬೋದಮ್ಮ, ನಾನೇನು ನಿನ್ನ ಸುಳ್ಳುಗಾತಿ ಅನ್ನಲ್ಲ. ಆದ್ರೆ ಅಚ್ಚಿನಲ್ಲಿ ಇಲ್ವಲ್ಲ. ನಾನು ಯಾವುದನ್ನ ನಂಬ್ಲಿ?" ಭುಜಂಗಯ್ಯನವರು ಮುಂದಕ್ಕೆ ಬಾಗಿ ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. "ಹೊರಗಿನ ಜನ ಈಗ ಆ ಪಾಳು ನೋಡೋಕೆ ಬರ್ತಿದಾರೆ. ಸುತ್ತ ಕಬ್ಬಿಣದ ಬೇಲಿ ಹಾಕಿ ಬೀಗ ಹಾಕ್ಬಿಡ್ತೀವಿ. ಖಾಲಿ ಜಾಗ, ಯಾರಾದ್ರೂ ಬಂದು ಸೇರ್ಕೊಂಡ್ರೆ ಕಷ್ಟ."

ನಾವು ಮೆಟ್ಟಿಲು ಇಳಿಯುವಾಗ ಕಬ್ಬಿಣದ ಕಂಬಗಳನ್ನು ಗಾಡಿಗೆ ಹೇರುತ್ತಿದ್ದರು.

ನನಗೆ ನೋವು ಶುರುವಾದದ್ದು ಆ ವಾರವೇ, ಬೆಳಗಿನ ಗಂಜಿ ಕುಡಿದ ಮೇಲೆ. ಅಣ್ಣ ಹೋಗಿ ನರ್ಸ್ ಕಮಲಾಕ್ಷಿಯನ್ನು ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಅವನ ಜೊತೆ ಮಾತಾಡುತ್ತಲೇ ಬಂದವಳು, ಕಮಾನು ದಾಟಿದ ಕೂಡಲೇ ಒಬ್ಬಳೇ ಆಗಿಬಿಟ್ಟಳು. "ಅಂತೋಣಪ್ಪ? ಎಲ್ಲಿಗ್ ಹೋದ್ರಿ?" ಎಂದು ಸುತ್ತ ತಿರುಗಿದಳು. "ಜಪಮಾಲೆ! ಏ ಜಪಮಾಲೆ!" ಎಂದು ನನ್ನ ಹೆಸರು ಕೂಗಿದಳು. ನಾನು ಅವಳಿಂದ ಮೂರು ಮಾರು ದೂರದಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಅತ್ತಿಗೆ ಅವಳ ಕೈ ಹಿಡಿದಳು. ಜೇಡರ ಬಲೆ ಅಂಟಿದರೆ ಕೊಡವಿಕೊಳ್ಳುವ ಹಾಗೆ ಕೊಡವಿಕೊಂಡು ನರ್ಸು ಹೊರಟಳು.

"ಹಿಡ್ಕೊಳ್ರೀ ಮಂಚಾನ!" ಎಂದು ಅತ್ತಿಗೆ ಕಿರುಚಿದಳು. ಅವಳು ಒಂದು ಕಡೆ, ಅಣ್ಣ ಒಂದು ಕಡೆ, ಅಕ್ಕಪಕ್ಕದವರು ಸೇರಿ ಮಂಚ ಸಮೇತ ನನ್ನನ್ನು ಹೊತ್ತುಕೊಂಡು ಓಡಿದರು. ಕಮಾನು ದಾಟಿ ರಸ್ತೆಗೆ ಬಂದ ಮೇಲೆ ನಮ್ಮ ಕೂಗು ನರ್ಸಿಗೆ ಕೇಳಿಸಿತು. ತಿರುಗಿ ಓಡಿ ಬಂದಳು. ಬಂದವಳು ಮೊದಲು ಬೈದದ್ದು ನಮ್ಮನ್ನೇ. "ಎಲ್ಲಿದ್ರಿ ಇಷ್ಟೊತ್ತು? ಬುದ್ಧಿ ಇಲ್ವಾ ನಿಮಗೆ?" ಮತ್ತೆ ಒಳಗೆ ಹೋಗುವ ಹಾಗಿಲ್ಲ, ಒಳಗೆ ಹೋದರೆ ಅವಳ ಕಣ್ಣಿಗೆ ನಾನಿಲ್ಲ. ಧೂಳಿನಲ್ಲಿ, ರಸ್ತೆ ಬದಿಯಲ್ಲಿ, ಹೆಂಗಸರು ನಾಲ್ಕು ಸೀರೆ ಅಡ್ಡ ಹಿಡಿದು ನಿಂತರು. ಬಸ್ಸು ಹತ್ತಿರ ಬಂದು ನಿಧಾನ ಮಾಡಿತು. ಕಿಟಕಿಯಿಂದ ತಲೆಗಳು ಹೊರಗೆ ಬಂದವು. ಗಾಳಿಗೆ ಒಂದು ಸೀರೆ ಹಾರಿದಾಗ ಅತ್ತಿಗೆ ತನ್ನ ಮೈಯನ್ನೇ ಅಡ್ಡ ಹಿಡಿದು ಬಸ್ಸಿನವರನ್ನು ಬಾಯಿಗೆ ಬಂದ ಹಾಗೆ ಬೈದಳು. ಹಾಗೆ ಹುಟ್ಟಿದಳು ನನ್ನ ಮಗಳು, ಊರೆಲ್ಲ ನೋಡುವಂತೆ. ಮನೆಯೊಳಗೆ ಯಾರಿಗೂ ಕಾಣದವರು ನಾವು, ಕಾಣಬಾರದ ಹೊತ್ತಿನಲ್ಲಿ ಎಲ್ಲರಿಗೂ ಕಂಡೆವು. ಆ ದಿನದಿಂದ ಅತ್ತಿಗೆ ಮಗುವಿಗೆ ಎರೆಯುತ್ತಿದ್ದಳು, ನನಗೆ ಪಥ್ಯ ಬಡಿಸುತ್ತಿದ್ದಳು. ಹಿಟ್ಟನ್ನು ಯಾರನ್ನೋ ಗುದ್ದುವ ಹಾಗೆ ಗುದ್ದುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಭುಜಂಗಯ್ಯನವರು ಪರಊರಿನ ಅತಿಥಿಗಳನ್ನು ಕರೆದುಕೊಂಡು ಬಂದರು. ಜೊತೆಯಲ್ಲಿ ವಾಮನರಾಯರು. ಅಚ್ಚಿನ ಪ್ರತಿಗಳೆಲ್ಲ ಖರ್ಚಾಗಿ ಎರಡನೇ ಸಲ ಒತ್ತಿಸಬೇಕಾಗಿ ಬಂದಿದ್ದರಿಂದ ಅವರು ಊರಲ್ಲೇ ಉಳಿದಿದ್ದರು. ಅತಿಥಿಗಳು ನಮ್ಮ ಒಲೆಯ ಮುಂದೆ ನಿಂತು, "ಎಂಥ ನೀರವತೆ!" ಎಂದರು. ಆಡುಗಳನ್ನು ಹೊಗಳಿದರು. ಅತ್ತಿಗೆ ಬಾವಿಯಿಂದ ಎರಡು ಕೊಡ ನೀರು ಹೊತ್ತು ಅವರ ನಡುವೆಯೇ ಬಂದಳು. ಯಾರೂ ಜರುಗಲಿಲ್ಲ, ಅವರಿಗೆ ಅವಳು ಕಾಣಬೇಕಲ್ಲ. ರಾಯರು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

ಅತ್ತಿಗೆ ನಿಂತುಬಿಟ್ಟಳು. ಕೊಡದ ನೀರು ತುಳುಕಿತು. ರಾಯರು ತಪ್ಪು ಅರಿವಾದವರ ಹಾಗೆ ತಟ್ಟನೆ ಗೋಪುರದ ಕಡೆ ಮುಖ ತಿರುಗಿಸಿದರು. ಅತಿಥಿಗಳು ಹೊರಟ ಮೇಲೆ ಅವಳು ಕೊಡಗಳನ್ನು ಅಲ್ಲೇ ಇಟ್ಟು ರಾಯರ ಹಿಂದೆಯೇ ನಡೆದಳು. ನಾನು ಬಾಣಂತಿ, ಹೋಗಲಿಲ್ಲ. ಅಚ್ಚಿನ ಮನೆಯಲ್ಲಿ ನಡೆದದ್ದನ್ನು ಅತ್ತಿಗೆ ಹೇಳಿದ್ದೂ, ಅಚ್ಚು ಒತ್ತುವ ಹಯಾತ್ ಸಾಹೇಬರು ಆಮೇಲೆ ಹೇಳಿದ್ದೂ ಸೇರಿಸಿ ಹೇಳುತ್ತಿದ್ದೇನೆ.

"ನಿಮಗೆ ನಾವು ಕಾಣ್ತೀವಿ" ಎಂದಳಂತೆ ಅತ್ತಿಗೆ, ಬಾಗಿಲಲ್ಲೇ ನಿಂತು.

ರಾಯರು ಕೈಯ ಶಾಯಿ ಒರೆಸಿಕೊಳ್ಳುತ್ತ, "ಕೊರೆದವನಿಗೆ ಕಾಣುತ್ತೆ ಅಮ್ಮ. ಅದು ಹಾಗೇ" ಎಂದರಂತೆ.

"ಮೊದಲಿನಿಂದ್ಲೂ?"

"ಹೂಂ."

"ನಮ್ಮನೆ ಅನ್ನ ಉಂಡ್ರಿ. ಮತ್ತೆ ಯಾಕೆ ಸ್ವಾಮಿ ನಮ್ಮನ್ನ ಅಳಿಸಿದ್ರಿ?"

"ಅಳಿಸಲಿಲ್ಲ, ಹಾಕಲಿಲ್ಲ ಅಷ್ಟೇ. ಹಾಳುಬಿದ್ದ ಕಟ್ಟಡಕ್ಕೆ ಒಂದು ಗಾಂಭೀರ್ಯ ಇರುತ್ತೆ. ಅಲ್ಲಿ ಬನಿಯನ್ನು ಒಣಗ್ತಾ ಇದ್ದರೆ ಅದು ಹೋಗಿಬಿಡುತ್ತೆ."

"ಮತ್ತೆ ಆ ಮುದುಕ?"

"ಗೋಪುರ ಎಷ್ಟು ಎತ್ತರ ಅಂತ ನೋಡೋರಿಗೆ ಗೊತ್ತಾಗಬೇಕಲ್ಲ. ಅದಕ್ಕೆ ಒಂದು ಆಳು ಬೇಕಾಗುತ್ತೆ."

"ಆಳು ಬೇಕಿದ್ರೆ ನಾವಿರ್ಲಿಲ್ವಾ?"

ರಸ್ತೆಯ ಹೆರಿಗೆಯ ಸುದ್ದಿ ರಾಯರ ಕಿವಿಗೂ ಬಿದ್ದಿತ್ತಂತೆ. ಕೆಟ್ಟ ಮನುಷ್ಯರೇನಲ್ಲ. "ಒಂದು ಕೆಲಸ ಮಾಡೋಣ. ಕಮಾನಿನ ಕೆಳಗೆ ನೆರಳಿದೆ, ಅಲ್ಲಿ ನಿಮ್ಮನ್ನು ಸೇರಿಸ್ತೀನಿ" ಎಂದು ಕಾಗದ ತೆಗೆದು ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಚಿತ್ರ ಬಹಳ ಸೊಗಸಾಗಿತ್ತಂತೆ. ಹರಿದ ಸೀರೆಯ ಹೆಂಗಸೊಬ್ಬಳು ಕಂಬಕ್ಕೊರಗಿ ಕೂತಿದ್ದಾಳೆ, ಮುಂದೆ ಒಂದು ತಟ್ಟೆ.

"ಇದ್ಯಾರು?"

"ನೀವೇ."

"ನನ್ನ ಕೈ ಯಾಕೆ ಹೀಗೆ ಚಾಚಿದೆ?"

"ಅಂಥ ಜಾಗಕ್ಕೆ ಅದು ಒಪ್ಪುತ್ತೆ..."

"ನಾಳೆಯಿಂದ ಊರಿಗೆ ನಾನು ಹೀಗೇ ಕಾಣೋದು, ಅಲ್ವಾ? ಹಾಲಿನವನು ಬಂದ್ರೆ ನಾನು ಭಿಕ್ಷೆ ಬೇಡ್ತಾ ಇರ್ತೀನಿ. ಕಾಗದದವನು ಬಂದ್ರೂ ಭಿಕ್ಷೆ ಬೇಡ್ತಾ ಇರ್ತೀನಿ." ಅತ್ತಿಗೆಯ ದನಿ ಏರಿತು. "ಒಂದು ದಿನ ಒಬ್ಬರ ಹತ್ರ ಕೈ ಚಾಚಿದೋಳಲ್ಲ ನಾನು. ನಿಮಗೇ ಬಡಿಸಿದ ಕೈ ಇದು!"

ಅಲ್ಲೇ ಮೇಜಿನ ಮೇಲೆ ತಾಮ್ರದ ತಗಡು ಇತ್ತು, ಪಕ್ಕದಲ್ಲಿ ರಾಯರ ಕೊರೆಯುವ ಉಳಿ. ಅತ್ತಿಗೆ ಅದನ್ನು ಚಾಕು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಳು. ತಗಡಿನಲ್ಲಿ ಖಾಲಿ ಜಾಗ ಇದ್ದದ್ದು ಗೋಪುರದ ಪಕ್ಕದ ಆಕಾಶ ಒಂದೇ. ಅಲ್ಲಿಗೇ ಇಟ್ಟು ಎಳೆದಳು. ತಗಡು ಕಿರ್ರೆಂದು ಕೂಗಿತು. ಗೋಡೆಯ ಮೇಲೆ ಮಕ್ಕಳು ಗೀಚುವ ಹಾಗೆ ಒಂದು ದುಂಡು ತಲೆ, ಎರಡು ದೊಡ್ಡ ಕಣ್ಣು, ಗಂಟೆಯ ಹಾಗೆ ಅಗಲವಾದ ಸೀರೆ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕಂಕುಳಲ್ಲಿ ಮಗು.

"ಆಕಾಶ! ಆಕಾಶ ಹಾಳಾಯ್ತು!" ಎಂದು ರಾಯರು ಅರಚಿದರು.

"ಹಾಳಾಗ್ಲಿ. ಅಲ್ಲಿ ಯಾರೂ ವಾಸ ಇಲ್ಲ" ಎಂದವಳು ಕೆಳಗೆ ಬಳ್ಳಿ ಹಬ್ಬಿಸಿದ್ದ ಕಡೆ ಏಳು ಬಾಗಿಲು ಕೊರೆದಳು. ಬಾಗಿಲಿಗೊಂದು ಮನೆಮಂದಿ, ಕಡ್ಡಿ ಕೈ, ಕಡ್ಡಿ ಕಾಲು. ಯಾರನ್ನೂ ಬಿಡಲಿಲ್ಲ. ಕೋಳಿಗಳನ್ನೂ ಬಿಡಲಿಲ್ಲ. ಅಂಗೈ ಹರಿದು ರಕ್ತ ಬಂದಿತ್ತು. ಉಳಿಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕೈ ಸುತ್ತಿಕೊಂಡು ಬಂದುಬಿಟ್ಟಳು.

ರಾಯರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರಂತೆ. ಹಯಾತ್ ಸಾಹೇಬರು ಬಹಳ ಹೊತ್ತು ಕಾದು, "ರಾಯರೇ, ಕಾಗದ ನೆನೆಸಿಟ್ಟಿದೀನಿ. ಒತ್ಲಾ?" ಎಂದು ಕೇಳಿದರಂತೆ. ಸಾಹೇಬರು ಇನ್ನೊಮ್ಮೆ ಕೇಳಿದರು. ರಾಯರು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು. "ಬೇಡ ಅನ್ಲಿಲ್ಲಮ್ಮ ಅವರು. ಬೇಡ ಅಂದಿದ್ರೆ ನಾನು ಒತ್ತುತ್ತಿರಲಿಲ್ಲ" ಎಂದು ಸಾಹೇಬರು ನಮ್ಮ ಹತ್ತಿರ ಆಣೆ ಮಾಡಿ ಹೇಳಿದರು. ಒತ್ತಿದ ಮೊದಲ ಪ್ರತಿಯನ್ನು ಪುರಸಭೆಯ ಜವಾನ ರೂಢಿಯಂತೆ ಒಯ್ದು ಹಜಾರದಲ್ಲಿ ತೂಗುಹಾಕಿದ. ಉಳಿದವು ಸಂಜೆಯೊಳಗೆ ಮನೆಮನೆಗೆ ಹೋದವು.

ಬೆಳಿಗ್ಗೆ ಅತ್ತಿಗೆ ಹೊಸಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮುದ್ದಣ್ಣ ತಿರುವಿನಲ್ಲಿ ಬಂದವನು ಸೈಕಲ್ ಕೈಬಿಟ್ಟ. ಅದು ದಡಾರನೆ ಬಿತ್ತು. ಅವನ ಬಾಯಿ ತೆರೆದೇ ಇತ್ತು, ಕಣ್ಣು ಆಕಾಶದಲ್ಲಿತ್ತು. ಗೋಪುರಕ್ಕೆ ಸಮನಾಗಿ, ಬಂಡಿಚಕ್ರದಂಥ ಕಣ್ಣು ಬಿಟ್ಟುಕೊಂಡು, ಸೊಂಟದ ಮೇಲೆ ಕೈಯಿಟ್ಟು ಇನ್ನಾಸಮ್ಮ ಅವನನ್ನೇ ನೋಡುತ್ತಿದ್ದಳಂತೆ. ಎಡಗಂಕುಳಲ್ಲಿ ಕೊರೆದ ಮಗು ಒತ್ತಿದಾಗ ಕನ್ನಡಿಯಲ್ಲಿ ತಿರುಗಿದ ಹಾಗೆ ಬಲಗಂಕುಳಿಗೆ ಬಂದಿತ್ತು, ಎತ್ತಿನಷ್ಟು ದೊಡ್ಡದಾಗಿ.

"ಅಕ್ಕಾ... ಕಾಗದ" ಎಂದ, ತುದಿಗಾಲಲ್ಲಿ ನಿಂತು ಕೈಯನ್ನು ಆದಷ್ಟು ಮೇಲೆತ್ತಿ. ಅತ್ತಿಗೆ ಎದ್ದು ಹೋಗಿ ಅವನ ಮೊಣಕೈ ಹಿಡಿದು ಕೆಳಗಿಳಿಸಿ ಕಾಗದ ತೆಗೆದುಕೊಂಡಳು. ಹಾಲಿನವನು ಬಂದ, ಅಂದು ಕೊಡದೆ ವಾಪಸು ಹೋಗಿದ್ದ ದಿನದ್ದನ್ನೂ ಸೇರಿಸಿ ಅಳೆದು ಹೋದ. ನರ್ಸು ಬಂದು ಮಗುವನ್ನು ನೋಡಲು ಕತ್ತು ಹಿಂದಕ್ಕೆ ಬಗ್ಗಿಸಿ ನಿಂತಳು. ನಾನೇ ಅವಳ ತೋಳಿಗೆ ಮಗುವನ್ನು ಕೊಟ್ಟೆ. ಹಿಡಿದುಕೊಂಡವಳಿಗೆ ಅಳು ಬಂತು. ನನ್ನ ಮುಖ ಮಾತ್ರ ನೋಡಲಿಲ್ಲ.

ಬಿಸಿಲೇರಿದ ಮೇಲೆ ಭುಜಂಗಯ್ಯನವರು ಬಂದರು. ಬೆಳಿಗ್ಗೆ ಕೆಲಸ ಶುರುಮಾಡಲು ಬಂದಿದ್ದ ಬೇಲಿ ಹಾಕುವವರು ಮೊದಲೇ ಓಡಿಹೋಗಿದ್ದರು. ಅಧ್ಯಕ್ಷರು ತಲೆಯೆತ್ತಿದ ರಭಸಕ್ಕೆ ಟೋಪಿ ಹಿಂದಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಕೈ ಜೋಡಿಸಿದರು.

"ಇನ್ನಾಸಮ್ಮನವರೇ" ಎಂದರು. ಅವರ ಬಾಯಲ್ಲಿ ಆ 'ಅವರು' ನಾವು ಕೇಳಿದ್ದು ಅದೇ ಮೊದಲು. "ಏನೋ ಹೆಚ್ಚುಕಮ್ಮಿ ಆಗೋಗಿದೆ. ಮನಸ್ಸಿಗೆ ಹಚ್ಕೋಬೇಡಿ. ಬೀಗ ಬೇಲಿ ಏನೂ ಬೇಡ. ರಾಯರನ್ನ ಪುರಸಭೆ ಖರ್ಚಿನಲ್ಲೇ ಮತ್ತೆ ಕರೆಸ್ತೀವಿ. ಎಲ್ಲಾರ್ದೂ ಬಾಗಿಲು ಇರ್ಲಿ, ಒಲೆ ಇರ್ಲಿ. ನಿಮ್ಮನ್ನ ಮಾತ್ರ ಸ್ವಲ್ಪ... ಅಳತೆಗೆ ತಕ್ಕ ಹಾಗೆ ಬರೆಸೋಣ. ಮಕ್ಕಳು ಹೆದರ್ಕೋತಾವೆ."

ಅವರು ಮಾತಾಡುತ್ತಿದ್ದದ್ದು ಆಕಾಶದ ಜೊತೆ. ಅತ್ತಿಗೆ ನಿಂತಿದ್ದದ್ದು ಅವರ ಎದೆಯ ಮಟ್ಟಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಮೊರ ಕೆಳಗಿಟ್ಟು ಅವರ ಮುಖವನ್ನು ಬಹಳ ಹೊತ್ತು ನೋಡಿದಳು.

"ಇರ್ಲಿ ಬಿಡಿ ಸ್ವಾಮಿ" ಎಂದಳು. "ಒಂದಷ್ಟು ವರ್ಷ ಕತ್ತೆತ್ತಿ ನೋಡಿ."

ಅಷ್ಟು ಹೇಳಿ ಒಳಗೆ ಬಂದು ಮಗುವಿಗೆ ಎರೆಯಲು ನೀರು ಕಾಯಿಸತೊಡಗಿದಳು. ಗೆದ್ದವಳ ಮುಖ ಆಗಿರಲಿಲ್ಲ ಅದು. ಕೋಪ ಇನ್ನೂ ಇಳಿದಿರಲಿಲ್ಲ. ಸೌದೆಯನ್ನು ಎರಡು ಸಲ ತಪ್ಪಾಗಿ ಒಲೆಯ ಹೊರಗೇ ಇಟ್ಟಳು. ಹೊರಗೆ ಭುಜಂಗಯ್ಯನವರು ಕತ್ತು ಇಳಿಸುವ ಧೈರ್ಯ ಸಾಲದೆ ಹಾಗೇ ನಿಂತಿದ್ದರು.